ಅವರು ಇನ್ನೂ ಹುಡುಕ್ತಾ ಇದ್ರು

ಮಂಗಳವಾರದಿಂದ ಒಂದೇ ಮಾತು ಕಿವಿಯಲ್ಲಿ ಕೂತಿದೆ. "ಅವರು ಇನ್ನೂ ಹುಡುಕ್ತಾ ಇದ್ರು." ಹೇಳಿದ್ದು ನನ್ನ ಸೂಪರ್‌ವೈಸರ್. ಬೈಯಲಿಲ್ಲ, ದನಿ ಏರಿಸಲಿಲ್ಲ. ಕಾರಿಡಾರಿನಲ್ಲಿ ನಡೆಯುತ್ತಾ ಅಷ್ಟು ಹೇಳಿ ಮುಂದಿನ ರೂಮಿಗೆ ಹೋದರು.

ನಾನು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ರಿಕ್ರಿಯೇಷನಲ್ ಥೆರಪಿ, ಅಂದರೆ ಆಟ, ಹವ್ಯಾಸಗಳ ಮೂಲಕ ಕೊಡುವ ಚಿಕಿತ್ಸೆ, ಓದುತ್ತಿದ್ದೇನೆ. ಈಗ ಸ್ಟ್ರೋಕ್‌ನಂಥದ್ದರಿಂದ ಚೇತರಿಸಿಕೊಳ್ಳುವವರ ಒಂದು ರಿಹ್ಯಾಬ್ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್, ಆರನೇ ವಾರ. 14 ವಾರ, 560 ಗಂಟೆ ಮುಗಿಯಬೇಕು. ಅದೂ ಸಿಟಿಆರ್‌ಎಸ್ ಆಗಿರುವವರ, ಅಂದರೆ ಪ್ರಮಾಣಪತ್ರ ಪಡೆದ ರಿಕ್ರಿಯೇಷನಲ್ ಥೆರಪಿಸ್ಟರ ಕೈಕೆಳಗೆ. ಆಮೇಲೆ ಪರೀಕ್ಷೆ ಪಾಸಾಗಿ ನಾನೂ ಸಿಟಿಆರ್‌ಎಸ್ ಆಗಬೇಕು. ಈ ರಾಜ್ಯದಲ್ಲಿ ಕೆಲಸ ಮಾಡಲು ಲೈಸೆನ್ಸ್ ಬೇರೆ ಬೇಕು. ಊರಿನಲ್ಲಿ ದೊಡ್ಡಪ್ಪ ಇವತ್ತಿಗೂ ಕೇಳುತ್ತಾರೆ, "ಆಟ ಆಡ್ಸೋದು ಕಲಿಯೋಕೆ ಅಷ್ಟು ದೂರ ಹೋಗ್ಬೇಕಿತ್ತೇನಮ್ಮಾ?" ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಪ್ರತಿ ಸಲ ನೋವಾಗುತ್ತೆ.

ಮಂಗಳವಾರ ನಾನು ಥೆರಪಿ ಕೊಡುತ್ತಿದ್ದ ತಾತನಿಗೆ ಎಪ್ಪತ್ತು ದಾಟಿದೆ. ಮಿದುಳಿನ ಬಲಭಾಗಕ್ಕೆ ಸ್ಟ್ರೋಕ್ ಆಗಿದೆ. ಹಾಗಾದವರಲ್ಲಿ ಕೆಲವರಿಗೆ ಎಡಗಡೆಯ ಲೋಕವೇ ಇಲ್ಲದಂತಾಗುತ್ತದೆ. ಕಣ್ಣು ಸರಿ ಇರುತ್ತದೆ, ಗಮನ ಮಾತ್ರ ಆ ಕಡೆ ಹೋಗುವುದಿಲ್ಲ. ತಟ್ಟೆಯ ಬಲ ಅರ್ಧ ಊಟ ಮಾಡಿ, ಎಡ ಅರ್ಧ ಹಾಗೇ ಬಿಟ್ಟು, ಇನ್ನೂ ಹಸಿವು ಅನ್ನುತ್ತಾರೆ. ಮೊದಲು ನೋಡಿದಾಗ ನನಗೆ ನಂಬಲಾಗಲಿಲ್ಲ.

ಮೊದಲ ದಿನ ಇಷ್ಟಗಳ ಪಟ್ಟಿ ಹಿಡಿದು ಕೂತಾಗ ಆ ತಾತ ಎಲ್ಲದಕ್ಕೂ ತಲೆ ಅಲ್ಲಾಡಿಸಿದ್ದರು. ಹಾಡು ಬೇಡ, ಚಿತ್ರ ಬೇಡ, ಕಾರ್ಡ್ಸ್ ಬೇಡ. ಮೀನು ಹಿಡಿಯುವುದು ಅಂದಾಗ ಮಾತ್ರ ಮುಖ ಎತ್ತಿದರು. ಮಗಳಿಗೆ ಹೇಳಿ ಮೀನು ಹಿಡಿಯುವ ಸಾಮಾನಿನ ಅವರ ಹಳೆಯ ಪೆಟ್ಟಿಗೆ ತರಿಸಿದೆವು. ಗಾಳಗಳನ್ನೆಲ್ಲ ಬಿಚ್ಚಿ ತೆಗೆದು, ಎರೆಯ ಬದಲು ಗಾಳಕ್ಕೆ ಕಟ್ಟುವ ರಬ್ಬರಿನ ಹತ್ತು ಪುಟ್ಟ ಮೀನುಗಳನ್ನು ಒಂದು ಟ್ರೇ ಮೇಲೆ ಹರಡಿದೆ. ಟ್ರೇಯ ಎಡ ಅಂಚಿಗೆ ಕೆಂಪು ಟೇಪ್. ಆ ಟೇಪ್ ಕಾಣುವವರೆಗೂ ತಲೆ ತಿರುಗಿಸಬೇಕು, ಮೀನು ಹುಡುಕಿ ಪೆಟ್ಟಿಗೆಯ ಖಾನೆಗೆ ಹಾಕಬೇಕು. ಅಷ್ಟೇ ಕೆಲಸ. ಹೊರಗಿನಿಂದ ನೋಡಿದರೆ ಆಟವೇ. ಆ ಹತ್ತು ಮೀನಿಗೆ ನಾನು ಒಂದು ಪುಟ ಪ್ಲಾನ್ ಬರೆದಿದ್ದೆ: ಎಷ್ಟು ಎಡಕ್ಕೆ, ಎಷ್ಟು ಹೊತ್ತು, ಎಷ್ಟು ಸಲ ನೆನಪಿಸಬಹುದು ಅಂತ.

ಬಲಗಡೆಯ ಆರು ಮೀನು ಸಲೀಸಾಗಿ ಖಾಲಿಯಾದವು. "ಮುಗೀತು" ಅಂದರು. "ಕೆಂಪು ಟೇಪ್ ಕಾಣ್ತಾ ಇದೆಯಾ?" ಅಂದೆ. ತಲೆ ನಿಧಾನವಾಗಿ ತಿರುಗಿತು. ಅರ್ಧಕ್ಕೆ ನಿಂತಿತು. ಕೈ ಗಾಳಿಯಲ್ಲೇ ಉಳಿಯಿತು. ಹಣೆಯ ಮೇಲೆ ಬೆವರು. ಹತ್ತು ಸೆಕೆಂಡ್, ಹದಿನೈದು, ಇಪ್ಪತ್ತು. ನನಗೆ ನೋಡಲಾಗಲಿಲ್ಲ. ಹಸಿರು ಮೀನನ್ನು ಬೆರಳಿನಿಂದ ಬಲಕ್ಕೆ ಸರಿಸಿಬಿಟ್ಟೆ. ಅದು ಕಂಡಿತು, ಎತ್ತಿಕೊಂಡರು. "ಥ್ಯಾಂಕ್ಯೂ" ಅಂದರು.

ಆಗ ನನಗೆ ಖುಷಿಯೇ ಆಗಿತ್ತು. ಕಾರಿಡಾರಿನಲ್ಲಿ ಆ ಮಾತು ಬರುವವರೆಗೆ.

ಅವರು ಇನ್ನೂ ಹುಡುಕ್ತಾ ಇದ್ರು. ಹೌದು. ಸುಮ್ನೆ ನಿಂತಿರಲಿಲ್ಲ, ಹುಡುಕ್ತಾ ಇದ್ರು. ಚಿಕಿತ್ಸೆ ಅಂತ ಏನಾದರೂ ಇದ್ದರೆ ಅದು ಆ ಇಪ್ಪತ್ತು ಸೆಕೆಂಡಿನಲ್ಲೇ ಇತ್ತು. ಅಲ್ಲೇ ನಾನು ಬೆರಳು ಹಾಕಿದೆ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಇಂಥ ಆಸ್ಪತ್ರೆಗಳಲ್ಲಿ ರೋಗಿಗೆ ಸಾಮಾನ್ಯವಾಗಿ ದಿನಕ್ಕೆ ಮೂರು ಗಂಟೆ ಥೆರಪಿ ಕೊಡಬೇಕು ಅಂತ ಮೆಡಿಕೇರ್, ಅಂದರೆ ಮುಖ್ಯವಾಗಿ ವಯಸ್ಸಾದವರಿಗಿರುವ ಇಲ್ಲಿನ ಸರ್ಕಾರಿ ಆರೋಗ್ಯ ವಿಮೆಯ ನಿಯಮ ಇದೆ. ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ, ಸ್ಪೀಚ್ ಥೆರಪಿ ಆ ಲೆಕ್ಕಕ್ಕೆ ಬರುತ್ತವೆ. ನಮ್ಮದು ಬರುವುದಿಲ್ಲ. ಹಾಗಾಗಿ ಯಾರದಾದರೂ ಸಮಯ ಕತ್ತರಿಸಬೇಕಾದರೆ ನಮ್ಮ ಅರ್ಧ ಗಂಟೆಗೇ ಮೊದಲು ಕುತ್ತು. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಕಾಲು ಸರಿಯಾಗಿ ಮನೆಗೆ ಹೋದ ಮನುಷ್ಯ ಇಡೀ ದಿನ ಟಿವಿ ಮುಂದೆ ಕೂತರೆ ಆ ಕಾಲು ಎಲ್ಲಿಗೆ ನಡೆಯಬೇಕು?

ಆದರೆ ರಾತ್ರಿ ನಿದ್ದೆ ಕೆಡಿಸಿದ್ದು ಮೆಡಿಕೇರ್ ಅಲ್ಲ. ನಮ್ಮ ಅಜ್ಜಿ.

ಅಜ್ಜಿಗೆ ಲಕ್ವ ಹೊಡೆದಾಗ ನಾನು ಪಿಯುಸಿಯಲ್ಲಿದ್ದೆ. ಎಡಗೈ ಬಿದ್ದುಹೋಯಿತು. ಬಲಗೈ ಚೆನ್ನಾಗಿಯೇ ಇತ್ತು. ಅದು ಅವರೆಕಾಯಿ ಕಾಲ. ಪಡಸಾಲೆಯಲ್ಲಿ ಎಲ್ಲರೂ ಕೂತು ನೆನೆಸಿದ ಕಾಳು ಹಿತುಕುತ್ತಿದ್ದೆವು. ಅಜ್ಜಿ ಮಂಚದ ಮೇಲಿಂದ, "ನಂಗೂ ಒಂದು ಬಟ್ಟಲು ಕೊಡ್ರೇ" ಅಂದರು. ಅಮ್ಮ, "ನಿಮಗ್ಯಾಕತ್ತೆ ಕಷ್ಟ, ಸುಮ್ನೆ ಆರಾಮಾಗಿರಿ" ಅಂದರು. ಎರಡು ದಿನ ಕೇಳಿದರು. ಮೂರನೇ ದಿನ ಕೇಳಲಿಲ್ಲ. ಆಮೇಲೆ ಐದು ವರ್ಷ ಆರಾಮಾಗಿಯೇ ಇದ್ದರು. ಗೋಡೆ ನೋಡಿಕೊಂಡು.

ಹಿತುಕುವುದಕ್ಕೆ ಎರಡು ಬೆರಳು ಸಾಕು. ಒಂದೇ ಕೈ ಸಾಕು. ಇವತ್ತು ನಾನು ರೋಗಿಗಳಿಗೆ ಕ್ಲಾಸಿನಲ್ಲಿ ಕಲಿತು ಹೊಂದಿಸುವ ಕೆಲಸ ಅದೇ. ನಮ್ಮ ಮನೆಯಲ್ಲಿ ಅದು ಬುಟ್ಟಿಗಟ್ಟಲೆ ಬಿದ್ದಿತ್ತು.

ಬುಧವಾರ ಅಮ್ಮನಿಗೆ ಫೋನ್ ಮಾಡಿದೆ. ದೂರಲು ಮಾಡಲಿಲ್ಲ, ಅವರಿಗೆ ನೆನಪಿದೆಯಾ ಅಂತ ಕೇಳಬೇಕಿತ್ತು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನೆನಪಿದೆ ಕಣೇ. ಕೊಡ್ಬೇಕು ಅಂತಲೇ ಇತ್ತು. ಆದ್ರೆ ದಿನಾ ಸಂಜೆ ಯಾರಾದ್ರೂ ನೋಡೋಕೆ ಬರ್ತಿದ್ರಲ್ಲ. ಲಕ್ವ ಹೊಡೆದ ಅತ್ತೆ ಕೈಲಿ ಕೆಲಸ ಮಾಡಿಸ್ತಾಳೆ ಅಂತ ಅನ್ನಲ್ವಾ?"

ಇದು ನನಗೆ ಹೊಳೆದೇ ಇರಲಿಲ್ಲ. ಆ ಬಂದವರ ಮೇಲೆ ಈಗ ಸಿಟ್ಟು ಬರುತ್ತಿದೆ. ಬ್ರೆಡ್ಡು, ಮೂಸಂಬಿ ತಂದು ಮಂಚದ ಪಕ್ಕ ನಿಂತು ಅಜ್ಜಿಯ ಎದುರಿಗೇ "ಪಾಪ, ಹೇಗಿದ್ದ ಜೀವ" ಅಂದವರು. ಅವರಲ್ಲಿ ಒಬ್ಬರೂ ಹತ್ತಿರ ಕೂತು ಅವಲಕ್ಕಿ ತಿನ್ನುತ್ತಾ "ಬಾರಜ್ಜಿ, ಇಬ್ಬರೂ ಹಿತುಕೋಣ" ಅನ್ನಲಿಲ್ಲ. ಸೊಸೆ ಒಳ್ಳೆಯವಳು ಅನ್ನಿಸಿಕೊಳ್ಳಬೇಕಾದರೆ ಅತ್ತೆ ಕೈಕಟ್ಟಿ ಕೂರಬೇಕಿತ್ತು. ಅಮ್ಮ ತಾನೇ ಏನು ಮಾಡಬೇಕಿತ್ತು? ಅಜ್ಜಿಯ ಮೈ ಒರೆಸಿ, ಊಟ ಮಾಡಿಸಿ, ರಾತ್ರಿ ಎರಡು ಸಲ ಎದ್ದವರು ಅವರೊಬ್ಬರೇ. ನಾನೂ ಅಲ್ಲೇ ಕೂತಿದ್ದೆ, ನನ್ನ ಕೈಯಲ್ಲೂ ಬಟ್ಟಲಿತ್ತು.

ಶುಕ್ರವಾರ ಮತ್ತೆ ಅದೇ ಟ್ರೇ. ಈ ಸಲ ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡೆ. ತಾತ ಆರು ಮೀನು ಹಾಕಿದರು. ಟೇಪ್ ನೆನಪಿಸಿದೆ. ತಲೆ ಅರ್ಧಕ್ಕೆ ನಿಂತಿತು. ಗೋಡೆ ಗಡಿಯಾರ ನೋಡಿದೆ. ಇಪ್ಪತ್ತು ಸೆಕೆಂಡ್ ಆಯಿತು, ಮೂವತ್ತಾಯಿತು. ಬಾಗಿಲ ಹತ್ತಿರ ಸೂಪರ್‌ವೈಸರ್ ನಿಂತಿದ್ದರು. ನಲವತ್ತು ದಾಟಿದ ಮೇಲೆ ಗಲ್ಲ ಇನ್ನೊಂದಿಷ್ಟು ಎಡಕ್ಕೆ ಬಂತು, ಕೈಯೂ ಅದರ ಹಿಂದೆಯೇ ಹೋಯಿತು. ಟೇಪಿಗೆ ಅಂಟಿಕೊಂಡಂತೆ ಬಿದ್ದಿದ್ದ ಕಪ್ಪು ಮೀನನ್ನು ಎತ್ತಿದರು. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಮೋಡ ಇರೋ ದಿನ ಇದೇ ಬೇಕು" ಅಂದರು. ಅದನ್ನು ಅವರಿಗೆ ಅವರಪ್ಪ ಕಲಿಸಿದ್ದಂತೆ. ಯಾವ ಕೆರೆ, ಯಾವ ದೋಣಿ ಅಂತ ಹೇಳುತ್ತಲೇ ಹೋದರು. ನನಗೆ ಥ್ಯಾಂಕ್ಯೂ ಹೇಳಲಿಲ್ಲ.