ಕೊನೆಯ ಹಾಳೆ ಇಲ್ಲದ ಪತ್ತೇದಾರಿ

2024 ಜುಲೈ 21, ಭಾನುವಾರ

ಎರಡು ವಾರಗಳಿಂದ ರಾತ್ರಿ ಊಟವಾದ ಮೇಲೆ ಕೊಲೆ, ಕಳವು, ಮುಸುಕುಧಾರಿಗಳ ಕಥೆಗಳನ್ನೇ ಓದುತ್ತಿದ್ದೇನೆ. ಮೊದಲು ಅಗಾಥಾ ಕ್ರಿಸ್ಟಿಯವರ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ಕಾದಂಬರಿಯನ್ನು ಎರಡನೆಯ ಸಲ ಓದಿದೆ. 1926ರಲ್ಲಿ ಬಂದ ಈ ಕಾದಂಬರಿಯ ಕೊಲೆಗಾರ ಯಾರೆಂಬುದು ನೆನಪಿದ್ದುದರಿಂದ ಕುತೂಹಲ ಉಳಿಯಲಾರದೆಂದುಕೊಂಡಿದ್ದೆ. ಆದರೆ ಸುಳ್ಳು ಹೇಳದೆಯೇ ಓದುಗರ ಕಣ್ಣಿಗೆ ಮಣ್ಣೆರಚುವ ವಾಕ್ಯಗಳನ್ನು ಪೆನ್ಸಿಲ್ ಹಿಡಿದು ಗುರುತಿಸುತ್ತ ಹೋಗುವುದೇ ಬೇರೊಂದು ಸುಖವಾಯಿತು. ಮೂರನೆಯ ಸಲ ಓದಲಾರೆ.

ಆಮೇಲೆ ಕೈಗೆತ್ತಿಕೊಂಡದ್ದು ಅಮೆರಿಕದ ಹಳೆಯ ‘ಪಲ್ಪ್’ ಪತ್ರಿಕೆಗಳ, ಅಂದರೆ ಅಗ್ಗದ ಕಾಗದದಲ್ಲಿ ಅಚ್ಚಾಗುತ್ತಿದ್ದ ರೋಚಕ ಕಥಾಪತ್ರಿಕೆಗಳ, ನಾಯಕ ‘ದಿ ಶ್ಯಾಡೋ’ನ ಕಥೆಗಳನ್ನು. ಈತ ಹುಟ್ಟಿದ ಬಗೆಯೇ ವಿಚಿತ್ರ. 1930ರಲ್ಲಿ ಸ್ಟ್ರೀಟ್ ಅಂಡ್ ಸ್ಮಿತ್ ಪ್ರಕಾಶನವು ತನ್ನ ಪತ್ತೇದಾರಿ ಪತ್ರಿಕೆಯ ಪ್ರಚಾರಕ್ಕೆಂದು ನಡೆಸಿದ ರೇಡಿಯೋ ಕಾರ್ಯಕ್ರಮದಲ್ಲಿ ಕಥೆ ನಿರೂಪಿಸುವ ದನಿಗೆ ಆ ಹೆಸರಿತ್ತು. ಕೇಳುಗರು ಅಂಗಡಿಗೆ ಹೋಗಿ, ಇರುವ ಪತ್ರಿಕೆಯನ್ನು ಬಿಟ್ಟು, ಇಲ್ಲದ ‘ಶ್ಯಾಡೋ’ ಪತ್ರಿಕೆಯನ್ನೇ ಕೇಳತೊಡಗಿದರು! ಜಾದೂ ವಿದ್ಯೆಯನ್ನೂ ಬಲ್ಲ ಪತ್ರಕರ್ತ ವಾಲ್ಟರ್ ಗಿಬ್ಸನ್ ಅವರಿಂದ ಬರೆಸಿ, 1931ರಲ್ಲಿ ಅಂಥದೊಂದು ಪತ್ರಿಕೆಯನ್ನು ಹೊರತರಲಾಯಿತು. ಮೊದಲ ಸಂಚಿಕೆಯ ಮುಖಪುಟಕ್ಕೆ ದಾಸ್ತಾನಿನಲ್ಲಿದ್ದ, ಚೀನೀ ವ್ಯಕ್ತಿಯೊಬ್ಬನ ಹಳೆಯ ಚಿತ್ರವನ್ನೇ ಬಳಸಿದ್ದರಿಂದ ಕಥೆಯನ್ನೂ ಚಿತ್ರಕ್ಕೆ ಒಪ್ಪುವಂತೆ ಹೊಂದಿಸಬೇಕಾಯಿತು. ಮುಂದೆ ಗಿಬ್ಸನ್ ‘ಮ್ಯಾಕ್ಸ್‌ವೆಲ್ ಗ್ರಾಂಟ್’ ಎಂಬ ಹೆಸರಿನಲ್ಲಿ 280ಕ್ಕೂ ಹೆಚ್ಚು ಶ್ಯಾಡೋ ಕಾದಂಬರಿಗಳನ್ನು ಬರೆದರು.

ಮೊದಲ ಕಥೆಯಲ್ಲಿ, ಮಂಜು ಮುಸುಕಿದ ರಾತ್ರಿ, ಹ್ಯಾರಿ ವಿನ್ಸೆಂಟ್ ಎಂಬ ಯುವಕ ಸೇತುವೆಯಿಂದ ಹಾರಿ ಸಾಯಲು ಹೊರಟಾಗ ಕತ್ತಲಿನಿಂದ ಬಂದ ಕೈಯೊಂದು ಅವನನ್ನು ಹಿಡಿದು ನಿಲ್ಲಿಸುತ್ತದೆ. ಉಳಿಸಿದವನು ಆ ಜೀವ ಇನ್ನು ತನ್ನದೆಂದು ಹೇಳಿ ಕೆಲಸ ಕೊಡುತ್ತಾನೆ. ಮುಖ ಮಾತ್ರ ತೋರಿಸುವುದಿಲ್ಲ. ನಾಯಕನನ್ನು ಅಂಚಿನಲ್ಲೇ ನಿಲ್ಲಿಸಿ, ಅವನ ಸಹಾಯಕನ ಕಣ್ಣಿನಿಂದ ಕಥೆ ನಡೆಸುವುದು ಜಾದೂಗಾರನಿಗಷ್ಟೇ ಹೊಳೆಯುವ ಉಪಾಯವೆಂದು ನನಗನ್ನಿಸಿತು. ಭಾಷೆಯೇನೋ ಒರಟು, ವಿಶೇಷಣಗಳ ಸಂತೆ. 1937ರ ರೇಡಿಯೋ ನಾಟಕಗಳಲ್ಲಿ ಇದೇ ಶ್ಯಾಡೋ ಪೂರ್ವದೇಶದಲ್ಲಿ ಕಲಿತ ವಿದ್ಯೆಯಿಂದ ಜನರ ಮನಸ್ಸಿಗೆ ಮಂಕು ಕವಿಸಿ ಕಾಣದಂತಾಗುತ್ತಾನೆ. ಕಣ್ಕಟ್ಟಿನ ಕಥೆ ಕೇಳಿ ಬೆಳೆದ ನಮಗೆ ಅದರಲ್ಲಿ ಹೊಸತೇನಿದೆ? ಕರಿಯ ನಿಲುವಂಗಿ ಮತ್ತು ಕತ್ತಲನ್ನಷ್ಟೇ ನಂಬಿದ ಪುಸ್ತಕದ ಶ್ಯಾಡೋನೇ ನನಗೆ ಇಷ್ಟ.

ಇಂಥ ಕಥೆಗಳಲ್ಲಿ ಯಾರು ಗೆಲ್ಲುತ್ತಾರೆಂಬ ಪ್ರಶ್ನೆಯೇ ಇಲ್ಲ, ನಾಯಕ ಯಾವಾಗ ಬರುತ್ತಾನೆಂಬುದೊಂದೇ ಕಾತರ. ಈ ಕಾತರ ನನಗೆ ಹೊಸತಲ್ಲ. ಹುಡುಗನಾಗಿದ್ದಾಗ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯಿಂದ ಎನ್. ನರಸಿಂಹಯ್ಯ ಅವರ ಪತ್ತೇದಾರ ಪುರುಷೋತ್ತಮನ ಕಾದಂಬರಿಯೊಂದನ್ನು ತಂದಿದ್ದೆ. ಕೊನೆಯ ಹಾಳೆಯನ್ನು ಯಾರೋ ಹರಿದುಕೊಂಡಿದ್ದರು. ಆಕ್ರಾಯ್ಡ್‌ನ ಕೊಲೆಯ ಕಥೆಯಾಗಿದ್ದರೆ ನಿದ್ದೆ ಬರುತ್ತಿರಲಿಲ್ಲ. ಪುರುಷೋತ್ತಮ ಗೆದ್ದೇ ಗೆದ್ದಿರುತ್ತಾನೆಂಬ ಭರವಸೆಯಲ್ಲಿ ನಾನು ಹಾಯಾಗಿ ಮಲಗಿದೆ. ಮರುದಿನ ಅಂಗಡಿಯವರು ಹಾಳೆ ಹರಿದವನು ನಾನೇ ಎಂದು ಎಂಟಾಣೆ ದಂಡ ಹಾಕಿದರು. ಆ ಪ್ರಕರಣದ ಅಪರಾಧಿ ಯಾರೆಂಬುದು ಮಾತ್ರ ಇಂದಿಗೂ ಪತ್ತೆಯಾಗಿಲ್ಲ.