ನೀಲಿ ಬಿಡಿ, ಚುಕ್ಕೆ ನೋಡಿ

ಪುಟಾಣಿ ನೀಲಿ ಚಿಟ್ಟೆ ಫೋಟೋ ಕಳ್ಸಿ ಇದ್ಯಾವ್ದು ಹೇಳಿ ಅನ್ನೋರು ಹೆಚ್ಚುಕಮ್ಮಿ ಎಲ್ರೂ ಕಳ್ಸೋದು ಅದು ರೆಕ್ಕೆ ಬಿಚ್ಕೊಂಡು ಬಿಸ್ಲು ಕಾಯ್ತಿರೋ ಫೋಟೋನೇ, ಯಾಕಂದ್ರೆ ನೀಲಿ ಕಾಣೋದು ಅಲ್ಲಿ. ನೋಡೋಕೆ ಚೆಂದ, ಯಾವ ಜಾತಿ ಅಂತ ಗುರುತಿಸೋಕೆ ಬಹುಪಾಲು ವೇಸ್ಟ್. ಆ ನೀಲಿ ಯಾವ್ದೋ ಬಣ್ಣದ ಪುಡಿಯಿಂದ ಬಂದಿದ್ದಲ್ಲ, ರೆಕ್ಕೆ ಮೇಲಿರೋ ಹುರುಪೆಗಳ ಒಳಗಿನ ಅತಿ ಸೂಕ್ಷ್ಮ ರಚನೆಗೆ ಬೆಳಕು ಬಿದ್ದು ವಾಪಸ್ ಬರೋವಾಗ ಹುಟ್ಟೋದು, ಹಾಗಾಗಿ ಅದೇ ಚಿಟ್ಟೆ ಸ್ವಲ್ಪ ತಿರುಗಿದ್ರೆ ನೇರಳೆ, ಮೋಡ ಬಂದ್ರೆ ಬೂದಿ. ಹೆಣ್ಣುಗಳಲ್ಲಂತೂ ತುಂಬಾ ಜಾತಿಗಳಲ್ಲಿ ಮೇಲ್ಗಡೆ ಪೂರ್ತಿ ಕಂದು, ಬುಡದಲ್ಲಿ ಚೂರೇ ಚೂರು ನೀಲಿ.

ನಮಗೆ ಬೇಕಾಗಿರೋದು ರೆಕ್ಕೆ ಮುಚ್ಚಿ ಕೂತಾಗ ಪಕ್ಕದಿಂದ ತೆಗ್ದಿರೋ ಫೋಟೋ. ಹುಲ್ಲಲ್ಲಿ ಕಾಲ ಹತ್ರ ಹಾರ್ತಾ ಇರ್ತಾವಲ್ಲ ಗ್ರಾಸ್ ಬ್ಲೂ ಅನ್ನೋ ಪುಟ್ಟ ನೀಲಿಗಳು, ಅವನ್ನೇ ತಗೊಳ್ಳಿ. ಪೇಲ್, ಡಾರ್ಕ್, ಲೆಸ್ಸರ್, ಟೈನಿ ಅಂತ ನಾಲ್ಕನ್ನ ಇಲ್ಲಿ ನೋಡೋಣ. ಮುಂದಿನ ರೆಕ್ಕೆ ಮಧ್ಯದಲ್ಲಿ ನರಗಳು ಸುತ್ತುವರಿದ ಉದ್ದನೆ ಜಾಗ ಒಂದಿರತ್ತೆ, ಅದಕ್ಕೆ ಸೆಲ್ ಅಂತಾರೆ, ಅದ್ರ ಕೊನೆಗೆ ಒಂದು ಸಣ್ಣ ಗೀಟು. ಆ ಗೀಟಿಗಿಂತ ಒಳಗೆ, ಮೈ ಕಡೆಗೆ, ಇನ್ನೊಂದು ಚುಕ್ಕೆ ಇದ್ಯಾ? ಇದ್ರೆ ಪೇಲ್ ಅಥವಾ ಡಾರ್ಕ್ ಗ್ರಾಸ್ ಬ್ಲೂ. ಇಲ್ದಿದ್ರೆ ಲೆಸ್ಸರ್ ಅಥವಾ ಟೈನಿ. ಒಂದೇ ಒಂದು ಚುಕ್ಕೆ, ಅರ್ಧ ಕೆಲ್ಸ ಮುಗೀತು.

ಉಳಿದ ಅರ್ಧಕ್ಕೆ ಟೈನಿ ಗ್ರಾಸ್ ಬ್ಲೂ ಸುಲಭ: ಮುಂದಿನ ರೆಕ್ಕೆಯ ಮೇಲಂಚಿಗೆ ಅಂಟ್ಕೊಂಡ ಹಾಗೆ ಎರಡು ಕಪ್ಪು ಚುಕ್ಕೆ ಇರ್ತವೆ, ಲೆಸ್ಸರ್‌ಗೆ ಅವಿಲ್ಲ. ಟೈನಿ 1775ರಲ್ಲೇ ಡೆನ್ಮಾರ್ಕಿನ ಕೀಟತಜ್ಞ ಫ್ಯಾಬ್ರಿಷಿಯಸ್ ಹೆಸರಿಟ್ಟ ಚಿಟ್ಟೆ, ರೆಕ್ಕೆ ಬಿಚ್ಚಿದ್ರೂ ಸುಮಾರು 2 ಸೆಂ.ಮೀ, ಇದನ್ನ ಆಗ ಯಾರು ಗಮನಿಸಿದ್ರೋ ಅಂತ ನಂಗೆ ಈಗ್ಲೂ ಆಶ್ಚರ್ಯ. ಲೆಸ್ಸರ್‌ನಲ್ಲಿ ಹಿಂದಿನ ರೆಕ್ಕೆ ನೋಡಿ, ಕಮಾನಿನ ಹಾಗೆ ಬಾಗಿರೋ ಚುಕ್ಕೆ ಸಾಲಲ್ಲಿ ಮೇಲಿಂದ ಎರಡನೇದು ಸಾಲು ಬಿಟ್ಟು ಒಳಕ್ಕೆ ಸರಿದಿರತ್ತೆ, ಕ್ಯೂ ತಪ್ಪಿಸಿ ನಿಂತೋರ ಥರ. ಪೇಲ್‌ನಲ್ಲಿ ಕಮಾನು ನೀಟಾಗಿರತ್ತೆ. ಪೇಲ್, ಡಾರ್ಕ್ ಮಧ್ಯೆ ಮಾತ್ರ ಗಂಡಾದ್ರೆ ಮೇಲ್ಮೈ ಕೆಲ್ಸಕ್ಕೆ ಬರತ್ತೆ: ಪೇಲ್ ಬೆಳ್ಳಿ ಮಿಶ್ರಿತ ತೆಳು ನೀಲಿ, ಡಾರ್ಕ್ ಗಾಢ ನೇರಳೆ ನೀಲಿಗೆ ಅಗಲ ಕಪ್ಪಂಚು.

ಇಷ್ಟೆಲ್ಲಾ ಮಳೆಗಾಲದ ಮಾತು. ಒಣ ಹವೆಯಲ್ಲಿ ಹುಟ್ಟಿದ ಪೀಳಿಗೆ ಮಾಸ್ಲು ಕಂದು ಬಣ್ಣಕ್ಕೆ ತಿರುಗಿ ಚುಕ್ಕೆಗಳೆಲ್ಲ ಮಸುಕಾಗಿರ್ತವೆ, ಬಹುಶಃ ಒಣಹುಲ್ಲಲ್ಲಿ ಬಚ್ಚಿಟ್ಕೊಳ್ಳೋಕೆ ಅನುಕೂಲ. ಅಂಥದ್ರಲ್ಲಿ ಸೆಲ್ ಚುಕ್ಕೆ ಸರಿಯಾಗಿ ಕಾಣ್ದಿದ್ರೆ ಬರೀ ಗ್ರಾಸ್ ಬ್ಲೂ ಅಂತ ಬರೆದು ಬಿಡೋದು ವಾಸಿ, ಜಿದ್ದಿಗೆ ಬಿದ್ದು ಹೆಸರು ಅಂಟಿಸೋರನ್ನ ಕಂಡ್ರೆ ನಂಗಾಗಲ್ಲ. ಆದ್ರೆ ಮೊಟ್ಟೆ ಇಡ್ತಿದ್ರೆ ಗಿಡದ ಫೋಟೋನೂ ತೆಗೀರಿ, ಮರಿಹುಳ ತಿನ್ನೋ ಗಿಡದ ಮೇಲೇ ಅವು ಮೊಟ್ಟೆ ಇಡೋದು. ಮೂರು ಹೃದಯದಾಕಾರದ ಎಲೆಯ ಹುಳಿಸೊಪ್ಪಾದ್ರೆ ಪೇಲ್ ಕಡೆಗೆ, ಹರಿವೆ ಅಥವಾ ನೆಗ್ಗಿಲು ಆದ್ರೆ ಡಾರ್ಕ್ ಕಡೆಗೆ ವಾಲಬಹುದು.

ಹಿಂದಿನ ರೆಕ್ಕೆ ತುದಿಯಲ್ಲಿ ಎಳೆಯಂಥ ಬಾಲ ಇರೋ ನೀಲಿಗಳಲ್ಲಿ ಪೀ ಬ್ಲೂಗೆ ಹಿಂದಿನ ರೆಕ್ಕೆ ಅಂಚಿನ ಹತ್ರ ಅಗಲವಾದ ಬಿಳಿ ಪಟ್ಟಿ, ಗ್ರಾಮ್ ಬ್ಲೂಗೆ ಆ ಪಟ್ಟಿ ಇಲ್ಲ, ಇವೆರಡನ್ನ ಕನ್ಫ್ಯೂಸ್ ಮಾಡ್ಕೊಳ್ಳೋ ಅಗತ್ಯನೇ ಇಲ್ಲ. ತಲೆನೋವು ಫರ್ಗೆಟ್‌ಮಿನಾಟ್ ಮತ್ತು ಸಿಲ್ವರ್ ಫರ್ಗೆಟ್‌ಮಿನಾಟ್ ಅನ್ನೋ ಇನ್ನೆರಡು ಬಾಲದ ಚಿಟ್ಟೆಗಳದು. ಮುಂದಿನ ರೆಕ್ಕೆ ಮೇಲಂಚಲ್ಲಿ ಒಂದು ಚಿಕ್ಕ ಚುಕ್ಕೆ, ಅದು ಸೆಲ್ ಗೀಟಿಗೂ ಹೊರಗಿನ ಪಟ್ಟಿಗೂ ಸರಿಯಾಗಿ ನಡುವೆ ಇದ್ರೆ ಮೊದಲ್ನೇದು, ಪಟ್ಟಿ ಕಡೆ ಒತ್ಕೊಂಡಿದ್ರೆ ಸಿಲ್ವರ್. ಅಷ್ಟೇ ವ್ಯತ್ಯಾಸ, ಒಂದು ಮಿಲಿಮೀಟರೂ ಇರಲ್ಲ.

ಇನ್ನು ಲೈನ್‌ಬ್ಲೂ ಅನ್ನೋ ಇನ್ನೊಂದು ಗುಂಪಿನ ಪುಟ್ಟ ನೀಲಿಗಳು. ಕಾಮನ್ ಲೈನ್‌ಬ್ಲೂಗೆ ಕೂದಲೆಳೆಯಂಥ ಬಾಲ ಇರತ್ತೆ, ಟೇಲ್‌ಲೆಸ್‌ಗೆ ಹೆಸರೇ ಹೇಳೋ ಹಾಗೆ ಇಲ್ಲ. ಕೇಳೋಕೆ ಸುಲಭ, ಆದ್ರೆ ಈ ಚಿಟ್ಟೆಗಳು ಕೂತಲ್ಲೇ ಹಿಂದಿನ ರೆಕ್ಕೆ ಮೇಲೆ ಕೆಳಗೆ ಉಜ್ಜಿ ಬಾಲ ಅಲ್ಲಾಡಿಸ್ತವೆ, ಅದನ್ನೇ ಮೀಸೆ, ಪಕ್ಕದ ಕಪ್ಪು ಚುಕ್ಕೆನೇ ಕಣ್ಣು ಅಂದ್ಕೊಂಡು ಹಕ್ಕಿಯೋ ಜೇಡವೋ ಆ ತುದಿಗೇ ಬಾಯಿ ಹಾಕತ್ತೆ, ಚಿಟ್ಟೆ ಬದುಕತ್ತೆ, ಬಾಲ ಹೋಗತ್ತೆ. ಆದ್ದರಿಂದ ಬಾಲ ಕಾಣ್ದಿದ್ರೆ ಮೊದ್ಲು ಅಂಚನ್ನ ಜೂಮ್ ಮಾಡಿ. ನಯವಾಗಿ ದುಂಡಗಿದ್ರೆ ಟೇಲ್‌ಲೆಸ್ ಇರಬಹುದು, ಹರಿದಿದ್ರೆ ಪೆಂಡಿಂಗ್ ಇಟ್ಟು ಇನ್ನೊಂದು ಚಿಟ್ಟೆ ಹುಡುಕಿ.