ಅರ್ಜಿಯಲ್ಲಿದ್ದ ಮೂರನೆಯ ಚೌಕ

ದ್ವಿತೀಯ ಭಾಷೆಯಾಗಿ ಒಂದೇ ಭಾಷೆಯನ್ನು ಎಲ್ಲರಿಗೂ ಕಡ್ಡಾಯ ಮಾಡಬೇಕೇ, ಇಲ್ಲವೇ ಮಕ್ಕಳ ಆಯ್ಕೆಗೆ ಬಿಡಬೇಕೇ ಎಂಬ ಚರ್ಚೆ ನಮ್ಮ ಶಾಲೆಯಲ್ಲಿ ಮತ್ತೆ ಎದ್ದಿದೆಯೆಂದೂ, ಹಳೆಯ ವಿದ್ಯಾರ್ಥಿಗಳು ತಮ್ಮ ಅನುಭವವನ್ನು ಬರೆದು ಕಳುಹಿಸಬೇಕೆಂದೂ ಸಂಪಾದಕರು ಕೇಳಿದಾಗ, ನನಗೆ ಮೊದಲು ನೆನಪಾದದ್ದು ಎಂಟನೆಯ ತರಗತಿಗೆ ಸೇರುವಾಗ ಕೈಗೆ ಕೊಟ್ಟ ಒಂದು ಹಾಳೆಯ ಅರ್ಜಿ. ಅದರಲ್ಲಿ ಹಿಂದಿ, ಸಂಸ್ಕೃತ, ಉರ್ದು ಎಂಬ ಮೂರು ಹೆಸರುಗಳಿದ್ದವು. ಪ್ರತಿಯೊಂದರ ಮುಂದೆ ಒಂದು ಖಾಲಿ ಚೌಕ, ಕೆಳಗೆ ಪೋಷಕರ ಸಹಿಗೆ ಜಾಗ. ಅದಕ್ಕೆ ಹಿಂದಿನ ಮೂರು ವರ್ಷ ನಮಗೆಲ್ಲ ಹಿಂದಿ ಕಡ್ಡಾಯವಾಗಿತ್ತು. ಹಾಗಾಗಿ ಎರಡೂ ಪದ್ಧತಿಗಳನ್ನು ಒಂದೇ ಕಟ್ಟಡದೊಳಗೆ ಕಂಡವನು ನಾನು.

ಕಡ್ಡಾಯದ ದಿನಗಳನ್ನು ಹಳಿಯಲು ನನಗೆ ಮನಸ್ಸಿಲ್ಲ. ಕನ್ನಡದಲ್ಲಿ ಮನೆಯೂ ಪುಸ್ತಕವೂ ‘ಅದು’ ಎಂದೇ ಬೆಳೆದ ನಮಗೆ, ಘರ್ ಪುಲ್ಲಿಂಗವೆಂದೂ ಪುಸ್ತಕ್ ಸ್ತ್ರೀಲಿಂಗವೆಂದೂ ತಿಳಿದಾಗ ಆದ ಬೆರಗು ಸಣ್ಣದಲ್ಲ. ನಮ್ಮ ಭಾಷೆಯ ಜಾಯಮಾನವೇ ಎಲ್ಲ ಭಾಷೆಗಳ ಜಾಯಮಾನವಲ್ಲ ಎಂಬುದು ಆಗ ಮೊದಲ ಬಾರಿಗೆ ಮನಸ್ಸಿಗೆ ಬಂದಿತು. ನನ್ನನ್ನೇ ಕೇಳಿದ್ದರೆ ಆ ವಯಸ್ಸಿನಲ್ಲಿ ಯಾವ ಹೊಸ ಭಾಷೆಯೂ ಬೇಡವೆನ್ನುತ್ತಿದ್ದೆ. ಆದರೆ ಅದೇ ಕೊಠಡಿಯಲ್ಲಿ, ಮನೆಯಲ್ಲೊಂದು ಭಾಷೆ, ಬೀದಿಯಲ್ಲಿ ಕನ್ನಡ, ಪಾಠಕ್ಕೆ ಇಂಗ್ಲಿಷ್ ಎಂದು ಆಗಲೇ ಮೂರನ್ನು ಹೊತ್ತಿದ್ದ ಗೆಳೆಯನೊಬ್ಬನಿದ್ದ. ಅವನು ಪ್ರಶ್ನೋತ್ತರಗಳನ್ನು ಅರ್ಥವಿಲ್ಲದೆ ಉರುಹೊಡೆದು, ಒಪ್ಪಿಸಿ, ಪರೀಕ್ಷೆಯ ಮರುದಿನ ಮರೆಯುತ್ತಿದ್ದ. ತೇರ್ಗಡೆಯಾದವರ ಪಟ್ಟಿಯಲ್ಲಿ ಅವನ ಹೆಸರೂ ಇರುತ್ತಿತ್ತು. ಆ ಪಟ್ಟಿ ನೋಡಿದವರಿಗೆ ಅವನಿಗೆ ಹಿಂದಿ ಬರುತ್ತದೆಂದೇ ಅನಿಸಬೇಕು.

ಆಯ್ಕೆ ಬಂದಾಗ ನಾವು ಆರಿಸಿಕೊಂಡದ್ದು ಭಾಷೆಯನ್ನಲ್ಲ, ಅಂಕಗಳನ್ನು. ಸಂಸ್ಕೃತದಲ್ಲಿ ಅನೇಕ ಉತ್ತರಗಳನ್ನು ಕನ್ನಡದಲ್ಲಿಯೇ ಬರೆಯಬಹುದು, ಅಂಕ ಕೈತುಂಬ ಬರುತ್ತದೆ ಎಂದು ಹಿರಿಯ ವಿದ್ಯಾರ್ಥಿಗಳು ಹೇಳಿದ್ದೇ ತಡ, ತರಗತಿಯ ಮುಕ್ಕಾಲು ಪಾಲು ಆ ಚೌಕಕ್ಕೆ ಗುರುತು ಹಾಕಿತು. ಅಷ್ಟು ದೊಡ್ಡ, ಅಷ್ಟು ಹಳೆಯ ಸಾಹಿತ್ಯವುಳ್ಳ ಭಾಷೆಯೊಂದನ್ನು ಒಲಿದು ಸೇರಿದವರು ಅವರಲ್ಲಿ ಇಬ್ಬರೋ ಮೂವರೋ. ನಾನು ಉರ್ದು ಆರಿಸಿದೆ. ಬೆಂಚಿನಲ್ಲಿ ಪಕ್ಕ ಕೂರುತ್ತಿದ್ದ ಗೆಳೆಯನ ಭಾಷೆ ಅದು. ಅವನು ಬಲದಿಂದ ಎಡಕ್ಕೆ ಸರಸರನೆ ಬರೆಯುವುದನ್ನು ನೋಡಿ ನೋಡಿ ನನಗೂ ಬರೆಯಬೇಕೆನಿಸಿತ್ತು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಓದೋನು ನೀನು, ಯೋಚನೆ ಮಾಡಿದೀಯಲ್ಲ?” ಎಂದು ಕೇಳಿ ಸಹಿ ಹಾಕಿದರು.

ನಾವು ಆರು ಜನ. ನಮಗೆಂದು ಕೊಠಡಿ ಇರಲಿಲ್ಲವಾದ್ದರಿಂದ ಗ್ರಂಥಾಲಯದ ಮೂಲೆಯ ಮೇಜಿನ ಸುತ್ತ ಕುಳಿತುಕೊಳ್ಳುತ್ತಿದ್ದೆವು. ಮೇಷ್ಟ್ರು ಮೊದಲ ದಿನ ಹಲಗೆಯ ಮೇಲೆ ಬಟ್ಟಲಿನಂಥ ಒಂದೇ ಆಕಾರವನ್ನು ಮೂರು ಸಲ ಬರೆದರು. ಕೆಳಗೆ ಒಂದು ಚುಕ್ಕೆಯಿಟ್ಟರೆ ಬೇ, ಕೆಳಗೆ ಮೂರಿಟ್ಟರೆ ಪೇ, ಮೇಲೆ ಎರಡಿಟ್ಟರೆ ತೇ. “ಬಟ್ಟಲು ಒಂದೇ ಮಕ್ಕಳೇ, ಚುಕ್ಕೆ ಮೇಲೆ ಕಣ್ಣಿರಲಿ” ಎಂದರು. ಕೆಲವು ತಿಂಗಳು ಕಳೆದ ಮೇಲೆ ಪಾಠವೊಂದರಲ್ಲಿ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದಾಗ ‘ಹಾಜಿರ್’ ಎಂಬ ಪದ ಬಂತು. ಪ್ರತಿದಿನ ಬೆಳಿಗ್ಗೆ ಕರೆಯುವ ನಮ್ಮ ಹಾಜರಿ ಅಲ್ಲಿತ್ತು! ಆಮೇಲೆ ಅದೊಂದು ಬೇಟೆಯೇ ಆಯಿತು: ಅರ್ಜಿ, ರಜೆ, ಜಮೀನು, ವಕೀಲ, ಖಜಾನೆ, ಶಿಫಾರಸು, ರಾಜೀನಾಮೆ. ಕನ್ನಡದವೆಂದೇ ನಾವು ಬಳಸುತ್ತಿದ್ದ ಪದಗಳು ಒಂದೊಂದಾಗಿ ತಮ್ಮ ತವರನ್ನು ತೋರಿಸಿದವು. ಭಾಷೆಯನ್ನು ಆರಿಸಿಕೊಂಡ ನಮೂನೆಗೆ ‘ಅರ್ಜಿ’ ಎಂಬ ಹೆಸರು ಕೊಟ್ಟದ್ದೂ ಆ ಬಳಿಯ ಮಾತೇ. ನನ್ನ ಕನ್ನಡವನ್ನು ಹೊರಗೆ ನಿಂತು ನೋಡುವುದನ್ನು ನನಗೆ ಕಲಿಸಿದ್ದು ಆ ಗ್ರಂಥಾಲಯದ ಮೂಲೆ ಎಂದು ಈಗಲೂ ನಂಬಿದ್ದೇನೆ.

ಮುಂದಿನ ವರ್ಷ ಆ ತರಗತಿ ಇರಲಿಲ್ಲ. ಹತ್ತು ವಿದ್ಯಾರ್ಥಿಗಳಿಲ್ಲದ ಭಾಷೆಗೆ ಅವಧಿ ಕೊಡಲಾಗದು ಎಂದು ತೀರ್ಮಾನವಾಯಿತು, ಮೇಷ್ಟ್ರು ಬೇರೆ ಕಡೆ ಹೋದರು, ನಮ್ಮ ಆರೂ ಜನರನ್ನು ಹಿಂದಿಗೆ ಸೇರಿಸಿದರು. ಯಾರೂ ನಮ್ಮನ್ನು ಕೇಳಲಿಲ್ಲ. ಮನೆಮಾತನ್ನೇ ಓದಬಯಸಿದ್ದ ಗೆಳೆಯನಿಗೆ ಅದು ನನಗಿಂತ ದೊಡ್ಡ ಪೆಟ್ಟು. ಅರ್ಜಿಯಲ್ಲಿ ಮೂರು ಚೌಕಗಳಿದ್ದವು ನಿಜ, ಆದರೆ ಮೂರನೆಯದರ ಹಿಂದೆ ಶಾಲೆ ನಿಂತಿರಲಿಲ್ಲ.

ದೊಡ್ಡವನಾದ ಮೇಲೆ ಈ ವಿಷಯವನ್ನು ಹುಡುಕಿ ಓದಿದಾಗ, ದೇಶಗಳೂ ನಮ್ಮ ಶಾಲೆಯಂತೆಯೇ ಎಡವಿವೆ ಎಂದು ತಿಳಿಯಿತು. ಐರ್ಲೆಂಡಿನಲ್ಲಿ 1973ರವರೆಗೆ ಐರಿಷ್ ಭಾಷೆಯಲ್ಲಿ ತೇರ್ಗಡೆಯಾಗದ ವಿದ್ಯಾರ್ಥಿಗೆ ಶಾಲಾಂತ್ಯದ ಪ್ರಮಾಣಪತ್ರವೇ ಸಿಗುತ್ತಿರಲಿಲ್ಲ. ಅಷ್ಟು ಬಿಗಿ ಮಾಡಿಯೂ ದಿನದ ಮಾತಾಗಿ ಐರಿಷ್ ಉಳಿದದ್ದು ಸ್ವಲ್ಪ ಜನರಲ್ಲಿ ಮಾತ್ರ. ಇಂಗ್ಲೆಂಡು ಇದಕ್ಕೆ ತದ್ವಿರುದ್ಧ. 2004ರಲ್ಲಿ 14 ವರ್ಷ ದಾಟಿದವರಿಗೆ ವಿದೇಶಿ ಭಾಷೆ ಓದಬೇಕೆಂಬ ನಿಯಮವನ್ನು ತೆಗೆದರು, ಫ್ರೆಂಚ್ ಮತ್ತು ಜರ್ಮನ್ ಪರೀಕ್ಷೆಗೆ ಕೂರುವವರ ಸಂಖ್ಯೆ ಕೆಲವೇ ವರ್ಷಗಳಲ್ಲಿ ಕುಸಿಯಿತು. ನಮ್ಮ ದೇಶದ 1968ರ ಶಿಕ್ಷಣ ನೀತಿಯ ತ್ರಿಭಾಷಾ ಸೂತ್ರವಂತೂ, ಹಿಂದಿ ರಾಜ್ಯಗಳ ಮಕ್ಕಳು ಸಾಧ್ಯವಾದರೆ ದಕ್ಷಿಣದ ಒಂದು ಆಧುನಿಕ ಭಾಷೆಯನ್ನು ಕಲಿಯಲಿ ಎಂದು ಬಯಸಿತ್ತು. ಅಲ್ಲಿನ ಬಹುಪಾಲು ಶಾಲೆಗಳಲ್ಲಿ ಆ ಜಾಗಕ್ಕೆ ಬಂದದ್ದು ಸಂಸ್ಕೃತ. ಕನ್ನಡವನ್ನೋ ತಮಿಳನ್ನೋ ಕಲಿಸುವವರನ್ನು ನೇಮಿಸದೆ ಕಲಿಯಿರಿ ಎಂದರೆ ಮಕ್ಕಳಾದರೂ ಏನು ಮಾಡಿಯಾರು?

ಒಂದು ಎರಡನೆಯ ಭಾಷೆಯನ್ನು ಕಲಿಯಲೇಬೇಕು ಎಂಬ ನಿಯಮವನ್ನು ನಾನು ಮನಸಾರೆ ಒಪ್ಪುತ್ತೇನೆ. ಅದನ್ನು ಸಡಿಲಿಸಿದರೆ ಹದಿಮೂರು ವರ್ಷದ ಮಗು ಸುಲಭದ ದಾರಿಯನ್ನೇ ಹಿಡಿಯುತ್ತದೆ, ನಾನೂ ಹಿಡಿಯುತ್ತಿದ್ದೆ. ಅದು ಇಂಥದೇ ಭಾಷೆ ಆಗಿರಬೇಕು ಎಂಬುದನ್ನು ಮಾತ್ರ ಒಪ್ಪಲಾರೆ. ಕಲಿಸುವವರು ಸಿಗುವ ಭಾಷೆಗಳಲ್ಲಿ ಮಗು ಒಂದನ್ನು ಆರಿಸಲಿ, ಆರಿಸಿದ್ದನ್ನು ಮೂರು ವರ್ಷ ಬಿಡದೆ ಓದಲಿ. ಅಂಕದ ಆಸೆಗೆ ಭಾಷೆ ಆರಿಸುವ ಚಾಳಿಯೂ ತಪ್ಪಬೇಕಾದರೆ ಎಲ್ಲ ಭಾಷೆಗಳ ಪ್ರಶ್ನೆಪತ್ರಿಕೆಗೂ ಆಯಾ ಭಾಷೆಯಲ್ಲೇ ಉತ್ತರ ಬರೆಸಬೇಕು. ಆರೇ ಜನರಿದ್ದರೂ ತರಗತಿ ನಡೆಯಬೇಕು. ಒಬ್ಬ ಶಿಕ್ಷಕರನ್ನು ಅಕ್ಕಪಕ್ಕದ ಎರಡು ಮೂರು ಶಾಲೆಗಳು ದಿನ ಹಂಚಿಕೊಂಡು ಇಟ್ಟುಕೊಂಡರೆ ಅದು ಆಗದ ಕೆಲಸವಲ್ಲ.

ಹೊಸ ಅರ್ಜಿ ಅಚ್ಚಾಗುವ ಮೊದಲು ಆಡಳಿತ ಮಂಡಳಿಯವರಲ್ಲಿ ನನ್ನದೊಂದು ವಿನಂತಿಯಿದೆ. ಪೋಷಕರ ಸಹಿಯ ಪಕ್ಕದಲ್ಲಿ ಮುಖ್ಯೋಪಾಧ್ಯಾಯರ ಸಹಿಗೂ ಜಾಗ ಬಿಡಬೇಕು. ಮಗು ಗುರುತು ಹಾಕಿದ ಭಾಷೆಗೆ ಹತ್ತನೆಯ ತರಗತಿ ಮುಗಿಯುವವರೆಗೆ ಶಿಕ್ಷಕರಿರುತ್ತಾರೆ ಎಂಬ ಸಾಲು ಆ ಸಹಿಯ ಮೇಲಿರಬೇಕು.